ನಿಂಗೈತೆ ಮಾರಿಹಬ್ಬ: ಒಂದು ನುಡಿಗಟ್ಟಿನ ಓದು

ಕಳೆದ ಸೆಮಿಸ್ಟರಿನಲ್ಲಿ ಒಂದು ಮಧ್ಯಾಹ್ನ ಸಹೋದ್ಯೋಗಿಯೊಬ್ಬರು ಪಾಠ ಮುಗಿಸಿ ಸ್ಟಾಫ್ ರೂಮಿಗೆ ಬಂದವರೇ ಹಾಜರಿ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ, "ಇಂಟರ್ನಲ್ಸ್ ಬರಲಿ, ಆ ಸೆಕೆಂಡ್ ಬಿಕಾಂನೋರಿಗೆ ಐತೆ ಮಾರಿಹಬ್ಬ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ನನ್ನ ಕಿವಿಯಲ್ಲಿ ಉಳಿದದ್ದು 'ಮಾರಿಹಬ್ಬ' ಅಲ್ಲ, 'ಐತೆ'. ಅವರು ಜಯನಗರದಲ್ಲೇ ಹುಟ್ಟಿ ಬೆಳೆದವರು. ಅವರ ಬಾಯಲ್ಲಿ ಯಾವತ್ತೂ 'ಇದೆ' ಬರುತ್ತದೆಯೇ ಹೊರತು 'ಐತೆ' ಬರುವುದಿಲ್ಲ. ನನ್ನ ಬಾಯಲ್ಲಿ ಅಪ್ಪಿತಪ್ಪಿ 'ಅದೆ' ಬಂದರೆ ಅವರ ಹುಬ್ಬು ಸ್ವಲ್ಪ ಮೇಲಕ್ಕೆ ಹೋಗುವುದನ್ನು ಕಂಡಿದ್ದೇನೆ. ಆದರೆ ಹೊಡೆಯುವ ಮಾತು ಆಡಬೇಕಾದಾಗ ಮಾತ್ರ ಅವರು ನಮ್ಮ ಭಾಷೆಗೆ ಇಳಿದು ಬರುತ್ತಾರೆ. ಏಟು ಕೊಡುವುದಕ್ಕೆ 'ಇದೆ' ಸಾಲುವುದಿಲ್ಲ ಅಂತ ಕಾಣುತ್ತದೆ.

ಈ ನುಡಿಗಟ್ಟು ಬೆಂಗಳೂರಿನಲ್ಲಿ ಎಲ್ಲೆಲ್ಲೂ ಇದೆ. ಬನಶಂಕರಿಯಿಂದ ಬಿಟಿಎಂ ಲೇಔಟ್ ಕಡೆ ಹೋಗುವ ಬಸ್ಸಿನಲ್ಲಿ ಬಾಗಿಲಿಗೆ ಜೋತುಬಿದ್ದ ಹುಡುಗರಿಗೆ ಕಂಡಕ್ಟರ್ "ಚೆಕಿಂಗ್ನೋರು ಹತ್ಲಿ, ನಿಮ್ಗೆ ಮಾರಬ್ಬ" ಅನ್ನುತ್ತಾನೆ. ಲೋಟ ಒಡೆದ ಮಗುವಿಗೆ ತಾಯಿ "ಅಪ್ಪ ಬರ್ಲಿ, ಐತೆ ನಿಂಗೆ" ಎಂದು ಅರ್ಧಕ್ಕೇ ನಿಲ್ಲಿಸುತ್ತಾಳೆ. ಉಳಿದರ್ಧ ಮಗುವಿಗೆ ಗೊತ್ತು. ಸಿನಿಮಾದಲ್ಲಿ ನಾಯಕ ತೋಳು ಮಡಚುವ ಮುಂಚೆ ಹೇಳುವುದು ಇದನ್ನೇ. ಐಪಿಎಲ್ ನಡೆಯುವಾಗ ಬೌಲರುಗಳಿಗೆ ಮಾರಿಹಬ್ಬ, ಚುನಾವಣೆಯಲ್ಲಿ ಸೋತ ಪಕ್ಷಕ್ಕೆ ಮಾರಿಹಬ್ಬ. ಯಾರೂ ಮಾರಿಯನ್ನು ನೆನೆಯುವುದಿಲ್ಲ. ನುಡಿಗಟ್ಟು ಚೆನ್ನಾಗಿ ಸವೆದಿದೆ ಎನ್ನುವುದಕ್ಕೆ ಇದೇ ಗುರುತು. ಆದರೆ ಸವೆದ ನಾಣ್ಯದ ಮೇಲೂ ಟಂಕಸಾಲೆಯ ಮುದ್ರೆ ಇರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿಯಬೇಕು, ಅಷ್ಟೆ.

ಮೊದಲು ಅದರ ವ್ಯಾಕರಣ ನೋಡೋಣ. ಕನ್ನಡದಲ್ಲಿ ಹಬ್ಬ ಊರಿಗೆ ಬರುತ್ತದೆ, ಮನೆಗೆ ಬರುತ್ತದೆ. ಹಬ್ಬ ನಮ್ಮದು, ಹಬ್ಬ ನಾವು ಮಾಡುವುದು. 'ನಿನಗೆ ಯುಗಾದಿ' ಎಂದು ಯಾರೂ ಯಾರನ್ನೂ ಹೆದರಿಸುವುದಿಲ್ಲ. ಮಾರಿಹಬ್ಬ ಒಂದೇ 'ನಿನಗೆ' ಆಗುವ ಹಬ್ಬ. ಈ 'ಗೆ' ಎನ್ನುವ ಚತುರ್ಥಿ ಪ್ರತ್ಯಯ ಇಲ್ಲಿ ಕೊಡುವ ಕೆಲಸ ಮಾಡುತ್ತಿಲ್ಲ, ಕಡಿಯುವ ಕೆಲಸ ಮಾಡುತ್ತಿದೆ. ಮಾರಿಹಬ್ಬದಲ್ಲಿ ಪೂಜಾರಿ ಇದ್ದಾನೆ, ತಮಟೆಯವನಿದ್ದಾನೆ, ಆರತಿ ಹೊತ್ತ ಹೆಂಗಸರಿದ್ದಾರೆ, ಊರ ಯಜಮಾನನಿದ್ದಾನೆ, ದೇವಿಯೇ ಇದ್ದಾಳೆ. ಇವರಲ್ಲಿ ಯಾರಿಗೂ ಆ ಹಬ್ಬ ಏಟಲ್ಲ. ಏಟು ಬೀಳುವುದು ಒಬ್ಬನಿಗೇ: ಕೋಣನಿಗೆ. 'ನಿಂಗೈತೆ ಮಾರಿಹಬ್ಬ' ಎಂದಾಗ ಕೇಳುವವನು ಕೋಣ, ಹೇಳುವವನು ಕತ್ತಿ. 'ಮನೆಗೋದ್ರೆ ನಂಗೆ ಮಾರಿಹಬ್ಬ' ಎಂದು ತನ್ನ ಬಗ್ಗೆಯೇ ಹೇಳಿಕೊಂಡರೂ ನಿಲ್ಲುವ ಜಾಗ ಅದೇ. ಇದರ ಅಣ್ಣತಮ್ಮನಂಥ ಇನ್ನೊಂದು ಮಾತು, 'ಮಾರಿಗೆ ಬಿಟ್ಟ ಕೋಣ'. ಕಂಡವರ ಹೊಲ ಮೇಯುತ್ತಾ ಕೊಬ್ಬಿ ತಿರುಗುವ ಪುಂಡನಿಗೆ ಹೇಳುವುದು. ಆ ಕೋಣವನ್ನು ಯಾಕೆ ಯಾರೂ ಹೊಡೆಯದೆ ಮೇಯಲು ಬಿಡುತ್ತಾರೆ ಎನ್ನುವ ಅರ್ಧ ಮಾತ್ರ ಬೈಗುಳದಲ್ಲಿ ಮರೆಯಾಗಿರುತ್ತದೆ.

ನಮ್ಮೂರು ಮಳವಳ್ಳಿ ಸೀಮೆ. ನಮ್ಮ ಕೇರಿಯಲ್ಲಿ ಮಾರಿಹಬ್ಬ ಅಂದರೆ ಬೆದರಿಕೆಯಲ್ಲ, ಕರೆಯೋಲೆ. ಬೆಂಗಳೂರಿಗೆ ಗಾರೆ ಕೆಲಸಕ್ಕೆ, ಗಾರ್ಮೆಂಟ್ಸ್‌ಗೆ ಬಂದವರೆಲ್ಲ ಆ ವಾರ ಊರು ಸೇರುತ್ತಾರೆ. ಗೋಡೆಗೆ ಸುಣ್ಣ, ತಂಬಿಟ್ಟಿನಾರತಿ, ರಾತ್ರಿಯೆಲ್ಲ ತಮಟೆ, ಬೆಳಗ್ಗೆ ಮರಿ ಕೂದ ಸಾರು. ಹೆಣ್ಣು ಕೊಟ್ಟವರು, ತಂದವರು ಎಲ್ಲ ಬಂದು ಉಂಡು ಹೋಗಬೇಕು. ಬರದಿದ್ದರೆ ವರ್ಷವಿಡೀ ಮುನಿಸು. ಕೋಣ ಕಡಿಯುವುದನ್ನು ನಾನು ಕಂಡಿಲ್ಲ, ನಮ್ಮಜ್ಜ ಕಂಡಿದ್ದ. ಹೀಗೆ ಒಂದೇ ಪದ ಕೇರಿಯೊಳಗೆ 'ಬಾ' ಎನ್ನುತ್ತದೆ, ಕೇರಿ ದಾಟಿದೊಡನೆ 'ಇರು, ಮಾಡ್ತೀನಿ' ಎನ್ನುತ್ತದೆ. ಒಮ್ಮೆ ತರಗತಿಯಲ್ಲಿ 'ಮಾರಿಹಬ್ಬ' ಪದ ಬಳಸಿ ಸ್ವಂತ ವಾಕ್ಯ ಬರೆಯಿರಿ ಎಂದೆ. ಹೆಚ್ಚುಕಡಿಮೆ ಎಲ್ಲರೂ ಯಾರಿಗಾದರೊಬ್ಬರಿಗೆ ಹೊಡೆಸಿದ್ದರು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ, 'ಮುಂದಿನ ತಿಂಗಳು ನಮ್ಮ ಊರಲ್ಲಿ ಮಾರಿಹಬ್ಬ, ನನಗೆ ಮೂರು ದಿನ ರಜೆ ಬೇಕು' ಎಂದು ಬರೆದಿದ್ದ. ಅವನ ಜಾತಿ ಕೇಳಬೇಕಾಗಿರಲಿಲ್ಲ. ಕೇಳದೆಯೂ ತಿಳಿದುಬಿಟ್ಟಿತಲ್ಲ ಎಂದು ನನಗೇ ಅಳುಕಾಯಿತು.

ಇನ್ನು ಕೋಣ ಯಾರು ಎನ್ನುವ ಕತೆ. ಇದು ದಕ್ಷಿಣ ಭಾರತದ ತುಂಬ ಇದೆ. ಮದರಾಸಿನ ಬಿಷಪ್ ಆಗಿದ್ದ ಹೆನ್ರಿ ವೈಟ್‌ಹೆಡ್ ದಕ್ಷಿಣದ ಗ್ರಾಮದೇವತೆಗಳ ಮೇಲಿನ ತನ್ನ ಪುಸ್ತಕದಲ್ಲಿ (1916) ಒಂದು ಪಾಠವನ್ನು ದಾಖಲಿಸಿದ್ದಾನೆ. ನಮ್ಮವ್ವ ಹೇಳುವುದು ಅದಕ್ಕೆ ತೀರಾ ದೂರದ್ದಲ್ಲ. ಅಸ್ಪೃಶ್ಯನೊಬ್ಬ ಬ್ರಾಹ್ಮಣ ವೇಷ ಹಾಕಿ, ವಿದ್ಯೆ ಕಲಿತು, ಬ್ರಾಹ್ಮಣರ ಹುಡುಗಿಯನ್ನು ಮದುವೆಯಾಗುತ್ತಾನೆ. ಮಕ್ಕಳಾಗುತ್ತವೆ. ಮಗನನ್ನು ನೋಡಬೇಕೆಂದು ಅವನ ತಾಯಿ ಬರುತ್ತಾಳೆ. ಬಾಯಿ ಬಿಡಬೇಡ ಎಂದು ಹೇಳಿ ಕೂರಿಸಿರುತ್ತಾನೆ. ಸೊಸೆ ಸಿಹಿ ಮಾಡಿ ಬಡಿಸುತ್ತಾಳೆ. ತಿಂದ ಮುದುಕಿ, ಇದು ಥೇಟು ಎಮ್ಮೆ ನಾಲಿಗೆ ಥರ ಅದಲ್ಲಾ ಅಂದುಬಿಡುತ್ತಾಳೆ. ಗುಟ್ಟು ಒಡೆಯುತ್ತದೆ. ಹುಡುಗಿ ಬೆಂಕಿಯಾಗುತ್ತಾಳೆ, ಮಾರಿಯಾಗುತ್ತಾಳೆ. ಗಂಡ ಕೋಣನಾಗುತ್ತಾನೆ, ಮಕ್ಕಳು ಆಡು ಕುರಿಗಳಾಗುತ್ತವೆ. ವರ್ಷ ವರ್ಷ ಅವರನ್ನು ಕಡಿಯಬೇಕೆಂದು ಕಟ್ಟಾಗುತ್ತದೆ. ಇನ್ನೊಂದು ಪಾಠದಲ್ಲಿ ನಾಲಿಗೆಯ ಬದಲು ಪಾದ ಇದೆ: ಅಪ್ಪ ಕದ್ದು ಮಾಡುತ್ತಿದ್ದ ಕಸುಬನ್ನು ಕಂಡ ಮಕ್ಕಳು ಆಟವಾಡುತ್ತಾ ಎಲೆಯಲ್ಲಿ ಮೆಟ್ಟು ಹೊಲಿಯುತ್ತವೆ, ತಾಯಿ ನೋಡುತ್ತಾಳೆ.

ಈ ಗಂಡನ ಜಾತಿ ಯಾವುದು ಎನ್ನುವುದು ಹೇಳುವವರ ಮೇಲೆ ಹೋಗುತ್ತದೆ. ನಮ್ಮ ಹೊಲಗೇರಿಯಲ್ಲಿ ಹೇಳುವಾಗ ಅವನು ಮಾದಿಗ. ಇದನ್ನು ಮಾದಿಗ ಗೆಳೆಯನೊಬ್ಬನಿಗೆ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕು, "ನಮ್ ಕೇರೀಲಿ ಅವ್ನು ನಿಮ್ಮೋನು ಕಣೋ" ಅಂದ. ಕೋಣನ ಸ್ಥಾನವನ್ನು ಪಕ್ಕದ ಕೇರಿಗೆ ದಾಟಿಸಿ ನಾವಿಬ್ಬರೂ ನಿರಾಳವಾಗಿದ್ದೆವು.

ಎ.ಕೆ. ರಾಮಾನುಜನ್ 1986ರ ಒಂದು ಇಂಗ್ಲಿಷ್ ಲೇಖನದಲ್ಲಿ ಕನ್ನಡ ಜಾನಪದದ ಎರಡು ಲೋಕಗಳನ್ನು ವಿವರಿಸುತ್ತಾ ಈ ಗ್ರಾಮದೇವತೆಯ ಕತೆಯನ್ನು ಮಹಿಷಾಸುರಮರ್ದಿನಿಯ ಪುರಾಣದ ಎದುರಿಗಿಟ್ಟು ನೋಡಿದ್ದಾರೆ. ಶಿಷ್ಟ ಪುರಾಣದಲ್ಲಿ ಕೋಣ ರಾಕ್ಷಸ, ದೇವಿಗೆ ಹೊರಗಿನವನು. ಹಳ್ಳಿಯ ಕತೆಯಲ್ಲಿ ಕೋಣ ಗಂಡ, ಮನೆಯೊಳಗಿನವನು. ಈ ವ್ಯತ್ಯಾಸ ದೊಡ್ಡದು. ಪುರಾಣ ಕೊಲೆಗೆ ಕಾರಣ ಕೊಡುವಾಗ ಕೊಲೆಯಾದವನನ್ನು ರಾಕ್ಷಸನನ್ನಾಗಿ ಮಾಡಬೇಕಾಯಿತು. ಹಳ್ಳಿಯ ಕತೆಗೆ ಅಷ್ಟೂ ಶ್ರಮ ಬೇಕಾಗಲಿಲ್ಲ; ಅವನ ಜಾತಿ ಹೇಳಿದರೆ ಸಾಕಾಯಿತು. ಅವನು ಹೆಂಡತಿಯನ್ನು ಹೊಡೆದನೆಂದು ಕತೆ ಎಲ್ಲೂ ಹೇಳುವುದಿಲ್ಲ. ಸಂಸಾರ ಚೆನ್ನಾಗಿಯೇ ಇತ್ತು. ಕತೆಯೊಳಗೆ ಅವನ ಅಪರಾಧ ಒಂದೇ, ಸಿಕ್ಕಿಬಿದ್ದದ್ದು.

ಬಲಿಯ ವಿಧಿಯನ್ನು ಕತೆಯ ಪಕ್ಕಕ್ಕಿಟ್ಟು ಓದಿದರೆ ಮೈ ಜುಂ ಅನ್ನುತ್ತದೆ. ಕೋಣನ ತಲೆ ಕಡಿದ ಮೇಲೆ ಅದರ ಮುಂಗಾಲನ್ನು ಕತ್ತರಿಸಿ ಅದರ ಬಾಯಿಗೇ ಇಡುತ್ತಾರೆ, ತಲೆಯ ಮೇಲೆ ದೀಪ ಹಚ್ಚುತ್ತಾರೆ. ವೈಟ್‌ಹೆಡ್ ಹಲವು ಊರುಗಳಲ್ಲಿ ಇದನ್ನು ಗುರುತಿಸಿದ್ದಾನೆ. ಸೋತವನ ಶರಣಾಗತಿಯ ಗುರುತು ಎಂದು ವಿವರಿಸುವವರಿದ್ದಾರೆ. ನನಗೆ ಬೇರೆ ತೋರುತ್ತದೆ. ಒಂದು ಪಾಠದಲ್ಲಿ ಜಾತಿ ಬಯಲಾದದ್ದು ನಾಲಿಗೆಯಿಂದ, ಇನ್ನೊಂದರಲ್ಲಿ ಪಾದದಿಂದ. ವಿಧಿ ಎರಡನ್ನೂ ಸೇರಿಸಿ ಕಾಲನ್ನು ಬಾಯಿಗೆ ತುರುಕುತ್ತದೆ: ಇನ್ನು ಮಾತಾಡಬೇಡ, ಇನ್ನು ನಡೆಯಬೇಡ. ಆ ತಲೆಯನ್ನು ಹೊರುವವರು, ತಮಟೆ ಬಡಿಯುವವರು, ನೆತ್ತರು ಕಲೆಸಿದ ಅನ್ನವನ್ನು ಊರ ಗಡಿಯ ಸುತ್ತ ಚೆಲ್ಲುವವರು ನಮ್ಮವರೇ. ಕೊಂದವನ ಕೇರಿಯವರ ಕೈಲೇ ಹೆಣ ಹೊರಿಸಿ, ಅದಕ್ಕೆ ಹಬ್ಬ ಎಂದು ಹೆಸರಿಟ್ಟು, ಒಂದಿಷ್ಟು ಮಾಂಸವನ್ನೂ ಕೊಟ್ಟರು. ಹಸಿದವರು ತಿಂದರು. 1927ರಲ್ಲಿ ಮಹಾಡಿನಲ್ಲಿ ಅಂಬೇಡ್ಕರರು ಸತ್ತ ದನದ ಮಾಂಸವನ್ನೂ ಎಸೆದ ತುತ್ತನ್ನೂ ಬಿಡಿ ಎಂದು ಹೇಳಿದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಬರೀ ಆಹಾರದ ಪ್ರಶ್ನೆಯಲ್ಲ, ಆ ತುತ್ತು ಕೈಗೆ ಬೀಳುವ ಬಗೆ.

ಕೋಣ ಬಲಿ ಈಗ ಬಹುಮಟ್ಟಿಗೆ ನಿಂತಿದೆ. ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಅದು ನಿಂತದ್ದು ಗಾಂಧೀಜಿ ಅಲ್ಲಿಗೆ ಹೋದ 1934ರ ಸುಮಾರಿಗೆ. ರಾಜ್ಯದಲ್ಲಿ ಪ್ರಾಣಿಬಲಿ ತಡೆಯುವ ಕಾಯ್ದೆ ಬಂದದ್ದು 1959ರಲ್ಲಿ. ಕೋಣನ ಜಾಗಕ್ಕೆ ಕುಂಕುಮ ತುಂಬಿದ ಬೂದುಗುಂಬಳ ಬಂತು. ಆಯುಧಪೂಜೆಯ ಮಾರನೇ ದಿನ ಜಯನಗರದ ರಸ್ತೆಯಲ್ಲಿ ಸ್ಕೂಟರು ಜಾರಿಬೀಳುವುದು ಆ ಕೋಣನ ಮೇಲೇ. ಬಡಾವಣೆಗಳು ನುಂಗಿದ ಹಳ್ಳಿಗಳಲ್ಲಿ, ಯಡಿಯೂರು, ಸಾರಕ್ಕಿ, ಕತ್ರಿಗುಪ್ಪೆಯಂಥ ಕಡೆ, ಊರದೇವತೆಯರು ಗ್ರಾನೈಟ್ ಹಾಕಿಸಿಕೊಂಡು ಸಸ್ಯಾಹಾರಿಗಳಾಗುತ್ತಿದ್ದಾರೆ. ಇರಲಿ. ಬಲಿ ನಿಂತದ್ದಕ್ಕೆ ನನಗೇನೂ ದುಃಖವಿಲ್ಲ. ಆದರೆ ಬಲಿ ನಿಂತ ಮೇಲೆ ಕತೆ ಎಲ್ಲಿಗೆ ಹೋಯಿತು ಎಂದು ಕೇಳಬೇಕು. ವಿಧಿಯಿಂದ ಹೊರಬಿದ್ದು ಅದು ನುಡಿಗಟ್ಟಿನಲ್ಲಿ ಬಾಡಿಗೆಗೆ ಕೂತಿದೆ.

ಬಾಡಿಗೆ ಎಂದೆ. ನನ್ನ ಮಾತೂ ಒಂದಿಷ್ಟಿದೆ. ಕಾಲೇಜು ಸೇರಿದ ವರ್ಷ ಬನಶಂಕರಿ ಎರಡನೇ ಸ್ಟೇಜಿನಿಂದ ಜೆ.ಪಿ. ನಗರದವರೆಗೆ ಮನೆ ಹುಡುಕಿದ್ದೇನೆ. 'ಟು ಲೆಟ್' ಬೋರ್ಡಿನ ಕೆಳಗೆ 'ಸಸ್ಯಾಹಾರಿಗಳಿಗೆ ಮಾತ್ರ' ಎಂದಿದ್ದರೆ ಅದು ಪ್ರಾಮಾಣಿಕ ಮನೆ, ಮುಂದೆ ಹೋಗಬಹುದು. ಬೋರ್ಡಿನಲ್ಲಿ ಏನೂ ಇಲ್ಲದ ಮನೆಯಲ್ಲೇ ಕಷ್ಟ. ಅಲ್ಲಿ ಕಾಫಿ ಕೊಟ್ಟು, "ನೀವು... ನಮ್ಮೋರೇನಾ?" ಎಂದು ಕೇಳುತ್ತಾರೆ. ನಮ್ಮೋರು ಎನ್ನುವಷ್ಟು ಆತ್ಮೀಯ ಪದ ಅಷ್ಟು ತಣ್ಣಗೆ ಕೇಳಿಸುವುದು ಆ ಹೊತ್ತಿನಲ್ಲೇ. ಐದಾರು ಮನೆ ಆದಮೇಲೆ ಒಂದು ಕಡೆ ನಾನು "ಹೂಂ" ಎಂದೆ. ಸುಳ್ಳು ಅಷ್ಟೇ ಉದ್ದ. ಮನೆ ಸಿಕ್ಕಿತು. ಮೇಲಿನ ಮಹಡಿ, ಎರಡು ಕೋಣೆ, ತಾರಸಿಯಲ್ಲಿ ತುಳಸಿ ಕಟ್ಟೆ. ಮರಾಠಿಯ ಬಾಬುರಾವ್ ಬಾಗೂಲ್ 1963ರಲ್ಲಿ ತಮ್ಮ ಸಂಕಲನಕ್ಕೆ ಹೆಸರು ಕೊಟ್ಟ ಕತೆಯಲ್ಲಿ ಇದೇ ಇದೆ: ಊರು ಬಿಟ್ಟು ನೌಕರಿಗೆ ಹೋದವನು ಜಾತಿ ಬಚ್ಚಿಟ್ಟು ಬದುಕುವುದು. ಅದನ್ನು ಎಂ.ಎ. ಓದುವಾಗ ಓದಿದ್ದೆ, ಟಿಪ್ಪಣಿ ಮಾಡಿದ್ದೆ. ಓದಿದ್ದು ಉಪಯೋಗಕ್ಕೆ ಬರಲಿಲ್ಲ.

ಆ ಮನೆಗೆ ಅವ್ವ ಬಂದಳು. ಬರುವ ಮುಂಚೆ ಫೋನಿನಲ್ಲಿ ಹೇಳಿದೆ: "ಅವ್ವ, ಮನೆ ಓನರ್ ಎಂಗ್ಸು ಏನಾರ ಮಾತಾಡ್ಸುದ್ರೆ ಜಾಸ್ತಿ ಮಾತಾಡ್ಬೇಡ. ಏನ್ ಕೊಟ್ರೂ ಚೆನ್ನಾಗದೆ ಅನ್ನು, ಸಾಕು." ಅವ್ವ ಆಯ್ತು ಮಗ ಅಂದಳು. ಮೂರು ದಿನ ಇದ್ದಳು. ಕೆಳಗಿನಿಂದ ಗಸಗಸೆ ಪಾಯಸ ಬಂತು, ಒಬ್ಬಟ್ಟು ಬಂತು. ಅವ್ವ ತಲೆ ತುಂಬ ಸೆರಗು ಹೊದ್ದು, ತಿಂದು, ಲೋಟ ತೊಳೆದು ಕೊಟ್ಟಳು. ಊರಲ್ಲಿ ಭತ್ತದ ಗದ್ದೆ ಬದುವಿನಲ್ಲಿ ನಿಂತು ಆಚೆ ಬದುವಿನವರಿಗೆ ಕೇಳುವಂತೆ ಮಾತಾಡುವ ಹೆಂಗಸು. ಕೊನೆಯ ದಿನ ಮನೆಯೊಡತಿ ನನ್ನೊಡನೆ, "ನಿಮ್ಮಮ್ಮ ಎಷ್ಟು ಸಾಧು ಕಣ್ರೀ, ಮಾತೇ ಆಡಲ್ಲ" ಎಂದರು. ಮೆಚ್ಚಿಕೊಂಡೇ ಹೇಳಿದರು. ಅವ್ವನ ಬಾಯಿಗೆ ಕಾಲು ತುರುಕಿದವನು ನಾನೇ ಆಗಿದ್ದೆ.

ಅವಳನ್ನು ಬಸ್ಸಿಗೆ ಬಿಡಲು ಹೋದಾಗ ಬನಶಂಕರಿ ದೇವಸ್ಥಾನದ ಮುಂದೆ ರಾಹುಕಾಲದ ನಿಂಬೆಹಣ್ಣಿನ ದೀಪದ ಸಾಲು. ಅವ್ವ ಕೈ ಮುಗಿದಳು, ಆಮೇಲೆ ತಾನಾಗೇ ಮಾರಿಯ ಕತೆ ತೆಗೆದಳು. ನಾನು ಕೇಳಿರಲಿಲ್ಲ. ಮುದುಕಿಯ ಭಾಗ ಬಂದಾಗ ಹೇಳಿದಳು: "ಆ ಮುದ್ಕಿ ಬಯ್ಲಿಲ್ಲ ಕಣ್ ಮಗ. ಎಮ್ಮೆ ನಾಲ್ಗೆ ಅಂದ್ರೆ ಅವುಳ್ಗೆ ಅದ್ಕಿಂತ ರುಚಿಯಾದ್ದು ಇನ್ನೊಂದಿಲ್ಲ. ಸೊಸೆ ಅಡ್ಗೆ ಅಷ್ಟ್ ಚೆನ್ನಾಗದೆ ಅಂದ್ಳು. ಒಗಳುದ್ಳು."

ಈ ಕತೆಯ ಬಗ್ಗೆ ನಾನು ಓದಿದ ಯಾವ ಬರಹದಲ್ಲೂ ಈ ಮಾತು ನನಗೆ ಕಂಡಿರಲಿಲ್ಲ. ಎಲ್ಲರೂ ಮುದುಕಿಯ ಮಾತನ್ನು ಬಾಯಿ ತಪ್ಪಿದ್ದು ಎಂದೇ ಓದಿದ್ದಾರೆ, ನಾನೂ ಹಾಗೇ ಓದಿದ್ದೆ. ಅದು ಹೊಗಳಿಕೆ. ತನಗೆ ಗೊತ್ತಿದ್ದ ಅತ್ಯಂತ ಒಳ್ಳೆಯ ರುಚಿಯನ್ನು ಉಪಮಾನವಾಗಿ ಕೊಟ್ಟು ಒಬ್ಬ ಅತ್ತೆ ಸೊಸೆಯನ್ನು ಹೊಗಳಿದ್ದಾಳೆ. ಉಪಮೇಯ ಒಪ್ಪಿತವಾಗಿ ಉಪಮಾನ ಒಪ್ಪಿತವಾಗದೆ ಹೋದದ್ದಕ್ಕೆ ಮಗ, ಮೊಮ್ಮಕ್ಕಳು ಎಲ್ಲ ಸತ್ತರು. ದಲಿತ ಕಾವ್ಯದ ಉಪಮೆಗಳನ್ನು 'ಒರಟು', 'ಅಶ್ಲೀಲ' ಎಂದ ಕನ್ನಡ ವಿಮರ್ಶೆಯ ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1975ರ 'ಹೊಲೆಮಾದಿಗರ ಹಾಡು' ಬಂದಾಗ ಎದ್ದ ತಕರಾರೂ ಕೊನೆಗೆ ಉಪಮಾನದ ತಕರಾರೇ.

ಇಲ್ಲಿ ನನಗೆ ನಮ್ಮ ಹಿರಿಯರೊಂದಿಗೇ ಒಂದು ಜಗಳವಿದೆ. ಸಿದ್ಧಲಿಂಗಯ್ಯನವರು ಗ್ರಾಮದೇವತೆಗಳ ಮೇಲೆಯೇ ಡಾಕ್ಟರೇಟ್ ಮಾಡಿದವರು. ಆ ದೇವತೆಗಳ ಜೊತೆ ಅವರಿಗಿದ್ದ ಸಲಿಗೆ, ನಗು ನಮಗೆ ಯಾರಿಗೂ ಬರಲಿಲ್ಲ. ಡಿ.ಆರ್. ನಾಗರಾಜ್ 'ದಿ ಫ್ಲೇಮಿಂಗ್ ಫೀಟ್' (1993) ಪುಸ್ತಕದಲ್ಲಿ ದಲಿತ ಚಳವಳಿ ತನ್ನ ಸಾಂಸ್ಕೃತಿಕ ನೆನಪುಗಳನ್ನು ಬರೀ ಅವಮಾನದ ಗಂಟೆಂದು ಎಸೆಯಬಾರದು ಎಂದು ವಾದಿಸಿದರು. ಆ ವಾದದ ಬಲ ನನಗೆ ಗೊತ್ತು. ಮಾರಿ ಅವೈದಿಕಳು, ಸಿಟ್ಟಿನವಳು, ನಮ್ಮ ಕೇರಿಯವರ ಕೈಯ ಪೂಜೆ ಪಡೆದವಳು. ಆದರೆ ದೇಸಿಯ ಹೆಸರಿನಲ್ಲಿ ಮಾರಿಯನ್ನು ಕೊಂಡಾಡುವ ಬರಹಗಳಲ್ಲಿ ಕೋಣನಿಗೆ ಜಾಗವಿರುವುದಿಲ್ಲ. ದೇವಿಯ ಸಿಟ್ಟನ್ನು ಶಕ್ತಿ ಎನ್ನುತ್ತಾರೆ. ಆ ಸಿಟ್ಟು ಯಾರ ಮೇಲೆ, ಯಾಕೆ ಎಂದು ಕೇಳುವುದಿಲ್ಲ. ಇನ್ನೊಂದು ಕಡೆ, ಬೌದ್ಧರಾದ ನನ್ನ ಗೆಳೆಯರು ಮಾರಿಹಬ್ಬಕ್ಕೆ ಊರಿಗೇ ಹೋಗುವುದಿಲ್ಲ. ಅವರ ನಿಷ್ಠುರ ನನಗೆ ಇಷ್ಟ. ಆದರೆ ಅವರೂ ಸಿಟ್ಟು ಬಂದಾಗ 'ನಿಂಗೈತೆ ಮಾರಿಹಬ್ಬ' ಎನ್ನುತ್ತಾರೆ. ಹಬ್ಬ ಬಿಟ್ಟವರನ್ನೂ ನುಡಿಗಟ್ಟು ಬಿಟ್ಟಿಲ್ಲ. ಹಬ್ಬವನ್ನು ಇಟ್ಟುಕೊಂಡು ನುಡಿಗಟ್ಟನ್ನು ಬಿಡುವ ದಾರಿ ಇದೆಯೇ ಎಂಬುದು ನನ್ನ ಪ್ರಶ್ನೆ. ನನ್ನ ಅವ್ವನಂಥವರು ಅದನ್ನೇ ಮಾಡುತ್ತಿದ್ದಾರೆ ಅನ್ನಿಸುತ್ತದೆ: ಪೂಜೆ ಮಾಡುತ್ತಾ, ಕತೆಯ ಒಳಗೆ ಮುದುಕಿಯ ಪರ ನಿಲ್ಲುವುದು.

ದೇವನೂರ ಮಹಾದೇವರ 'ಕುಸುಮಬಾಲೆ' (1984) ನನ್ನ ಓದಿನಲ್ಲಿ ಈ ಕತೆಯನ್ನು ಮಗುಚಿ ಹಾಕಿದ ಕೃತಿ. ಅಲ್ಲಿ ಕೆಳಜಾತಿಯ ಚೆನ್ನ ಮೇಲ್ಜಾತಿಯ ಕುಸುಮೆಯನ್ನು ಪ್ರೀತಿಸಿ ಕೊಲೆಯಾಗುತ್ತಾನೆ. ಆದರೆ ಕುಸುಮೆ ಮಾರಿಯಾಗುವುದಿಲ್ಲ. ಕೊಲ್ಲುವ ಕೆಲಸವನ್ನು ಹೆಣ್ಣಿನ ಕೈಯಿಂದ ಕಿತ್ತು, ಅದು ನಿಜವಾಗಿ ಇದ್ದವರ ಕೈಗೆ, ಅವಳ ಮನೆಯ ಗಂಡಸರ ಕೈಗೆ ಮಹಾದೇವ ವಾಪಸ್ಸು ಕೊಟ್ಟಿದ್ದಾರೆ. ಹಳೆಯ ಕತೆಯ ದೊಡ್ಡ ಸುಳ್ಳು ಇರುವುದು ಇಲ್ಲೇ. ಗುಟ್ಟು ಬಯಲಾದಾಗ ಕತ್ತಿ ಹಿಡಿದವಳು ಹೆಂಡತಿ ಎಂದು ಕತೆ ಹೇಳುತ್ತದೆ. ಲೋಕದಲ್ಲಿ ನಡೆಯುವುದು ಹಾಗಲ್ಲ. 2016ರ ಮಾರ್ಚಿನಲ್ಲಿ ತಮಿಳುನಾಡಿನ ಉಡುಮಲೈಪೇಟೆಯಲ್ಲಿ ದಲಿತ ಯುವಕ ಶಂಕರನನ್ನು ಹಾಡಹಗಲೇ ಕಡಿದು ಕೊಂದಾಗ ಪಕ್ಕದಲ್ಲಿ ಏಟು ತಿಂದವಳು ಅವನ ಹೆಂಡತಿ ಕೌಸಲ್ಯಾ. ಅವಳು ತನ್ನ ತಂದೆತಾಯಿಯ ವಿರುದ್ಧವೇ ನ್ಯಾಯಾಲಯದಲ್ಲಿ ನಿಂತಳು. 2017ರಲ್ಲಿ ಕೆಳಗಿನ ಕೋರ್ಟು ತಂದೆಗೆ ಮರಣದಂಡನೆ ಕೊಟ್ಟಿತು, 2020ರಲ್ಲಿ ಹೈಕೋರ್ಟು ಅವನನ್ನು ಬಿಡುಗಡೆ ಮಾಡಿತು. ಮಾರಿಯ ಕತೆ ಕೌಸಲ್ಯಾಳ ಬಾಯಲ್ಲಿ ಹುಟ್ಟಿದ್ದಿದ್ದರೆ ಕೋಣನ ಜಾಗದಲ್ಲಿ ಯಾರಿರುತ್ತಿದ್ದರು?

ನುಡಿಗಟ್ಟನ್ನು ನಿಷೇಧಿಸಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಸ್ಟಾಫ್ ರೂಮಿನಲ್ಲಿ ನನಗೇ ಮಾರಿಹಬ್ಬ. ನೋಡಿ, ಬರೆಯುವಾಗಲೇ ಬಂತು.

ಆ ಸಹೋದ್ಯೋಗಿಗೆ ಈ ಕತೆಯನ್ನು ಒಂದು ದಿನ ಹೇಳಿದೆ, ಗಂಡನ ಜಾತಿಯನ್ನೂ ಸೇರಿಸಿ. ಪೂರ್ತಿ ಕೇಳಿದರು. "ಇಂಟರೆಸ್ಟಿಂಗ್" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನೀವು ಯಾವ ಕಡೆಯೋರು ಅಂದ್ರಿ?" ಎಂದು ಕೇಳಿದರು. ಹೇಳಿದೆ. ಊರು, ತಾಲ್ಲೂಕು, ಕೇರಿ, ಮೂರನ್ನೂ.

ಮನೆಯೊಡತಿಗೆ ಇನ್ನೂ ಹೇಳಿಲ್ಲ. ಅಗ್ರಿಮೆಂಟು ಈ ತಿಂಗಳು ಮುಗಿಯುತ್ತದೆ. ಅವ್ವನಿಗೆ ಫೋನು ಮಾಡಿ ಮತ್ತೆ ಬಾ ಎಂದೆ. "ಮಾತಾಡ್ಬೋದಾ?" ಎಂದು ಕೇಳಿದಳು.